ಯಾರೂ ಕೇಳದವರ ಕಾರ್ಡ್ ಯಾಕಣ್ಣಾ ಅಂತ ಕೇಳಿದೆಯಲ್ಲ

ತಮ್ಮಾ,

ಯುಗಾದಿ ದಿನ ಊಟಕ್ಕೆ ಬಂದಾಗ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಒಂದು ಕಡೆ ಹೋಳಿಗೆ ಬಡಿಸುವ ಗಡಿಬಿಡಿ, ಇನ್ನೊಂದು ಕಡೆ ಮಕ್ಕಳ ಗಲಾಟೆ. ಈಗ ಬರೆದು ಮತ್ತೆ ಕೇಳಿದ್ದೀಯ: ‘ಅಮೆರಿಕದ ಈ ಡರ್ಹಮ್ ಊರಿಗೆ ಬಂದು ಮೂರು ತಿಂಗಳಾಯಿತು, ಶನಿವಾರ ಭಾನುವಾರ ಹೊತ್ತು ಹೋಗುವುದಿಲ್ಲ. ಆಫೀಸಿನವರು ಬೇಸ್‌ಬಾಲ್ ಮಾತಾಡಿದರೆ ಸುಮ್ನೆ ತಲೆ ಆಡಿಸುತ್ತೇನೆ. ಕೆಲಸ ಹೋದರೆ ಗತಿ ಏನು ಅಂತ ರಾತ್ರಿ ನಿದ್ದೆ ಬರುವುದಿಲ್ಲ. ಕೊನೆಗೆ, ನಿಮ್ಮ ಬೀರುವಿನ ತುಂಬ ಇರುವ ಬೇಸ್‌ಬಾಲ್ ಆಟಗಾರರ ಕಾರ್ಡ್‌ಗಳಲ್ಲಿ ಒಬ್ಬರ ಹೆಸರೂ ನಾನು ಕೇಳಿಲ್ಲ, ಅವನ್ನೆಲ್ಲ ಯಾಕೆ ಇಟ್ಟುಕೊಂಡಿದ್ದೀರಿ ಅಣ್ಣಾ?’

ಕೊನೆಯದರಿಂದಲೇ ಶುರು ಮಾಡುತ್ತೇನೆ. ಉಳಿದದ್ದು ದಾರಿಯಲ್ಲಿ ಸಿಗಬಹುದು.

ನಾನು 2002ರಲ್ಲಿ ಇಲ್ಲಿಗೆ ಬಂದೆ. ಬಂದ ಮೇ ತಿಂಗಳಲ್ಲೇ ಆಫೀಸಿನಲ್ಲಿ ಯಾರೋ ಒಂದು ಟಿಕೆಟ್ ಕೊಟ್ಟು ‘ಮೈನರ್ ಲೀಗ್ ಮ್ಯಾಚ್, ಹೋಗಿ ನೋಡು’ ಅಂದರು. ನಮ್ಮ ಕಡೆ ಮೈನರ್ ಅಂದರೆ ಹದಿನೆಂಟು ತುಂಬದವರು ಅಲ್ವಾ? ಶಾಲೆ ಹುಡುಗರ ಮ್ಯಾಚ್ ಅಂದುಕೊಂಡು ಹೋದೆ. ನೋಡಿದರೆ ಮೈದಾನದಲ್ಲಿ ಆರಡಿ ಎತ್ತರದ, ಗಡ್ಡ ಬಿಟ್ಟ ಗಂಡಸರು. ಪಕ್ಕದವರು ‘ಪಿಚರ್ ಚೆನ್ನಾಗಿದ್ದಾನೆ’ ಅಂದಾಗ ಯಾವ ಪಿಕ್ಚರ್, ಯಾವ ಥಿಯೇಟರ್ ಅಂತ ಯೋಚನೆ ಮಾಡಿದ್ದೇನೆ. ಪಿಚರ್ ಅಂದರೆ ಬೌಲರ್ ಇದ್ದ ಹಾಗೆ. ಇಷ್ಟು ಗೊತ್ತಿದ್ದರೆ ನನಗಿಂತ ಮುಂದಿದ್ದೀಯ.

ಅಂದು ನೋಡಿದ್ದು ಡರ್ಹಮ್ ಬುಲ್ಸ್ ತಂಡ. ಎಡಗಡೆ ದೊಡ್ಡ ಗೋಡೆ, ಅದರ ಮೇಲೆ ಗೂಳಿಯ ಒಂದು ಬೋರ್ಡ್. ಬುಲ್ಸ್ ಬ್ಯಾಟ್ಸ್‌ಮನ್ ಹೋಂ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದರೆ ಗೂಳಿಯ ಕಣ್ಣು ಕೆಂಪಾಗುತ್ತದೆ, ಬಾಲ ಅಲ್ಲಾಡುತ್ತದೆ, ಮೂಗಿನಿಂದ ಹೊಗೆ ಬರುತ್ತದೆ. ಚೆಂಡು ಗೂಳಿಗೇ ತಗಲಿದರೆ ಹೊಡೆದವನಿಗೆ ಸ್ಟೇಕ್, ಅಂದರೆ ದನದ ಮಾಂಸದ ಊಟ ಅಂತ ಅದರ ಮೇಲೇ ಬರೆದಿದೆ. ಕೆಳಗಿನ ಹುಲ್ಲಿಗೆ ತಗಲಿದರೆ ಸಲಾಡ್. ನಮ್ಮಂಥವರು ಹುಲ್ಲಿಗೆ ಗುರಿ ಇಡಬೇಕು.

ವ್ಯವಸ್ಥೆ ಹೀಗಿದೆ. ಮೇಜರ್ ಲೀಗಿನಲ್ಲಿ 30 ತಂಡ. ಒಂದೊಂದಕ್ಕೂ ಕೆಳಗೆ ನಾಲ್ಕು ತಂಡ: ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ. ಒಟ್ಟು 120. ಮೊದಲು 160 ಇತ್ತು, 2021ರಲ್ಲಿ ಕಡಿಮೆ ಮಾಡಿದರು. ನಮ್ಮ ಬುಲ್ಸ್ ಟ್ರಿಪಲ್-ಎ, ಅಂದರೆ ಮೇಲಿನ ಮೆಟ್ಟಿಲಿಗೆ ಒಂದೇ ಹೆಜ್ಜೆ. ಟ್ಯಾಂಪಾ ಬೇ ರೇಸ್ ತಂಡಕ್ಕೆ ಸೇರಿದ್ದು. ಇದನ್ನು ರಣಜಿಗೆ ಹೋಲಿಸಬೇಡ. ರಣಜಿಯಲ್ಲಿ ನಮ್ಮ ರಾಜ್ಯಕ್ಕೆ ನಮ್ಮ ತಂಡ. ಇಲ್ಲಿ ಆಟಗಾರ ದೊಡ್ಡ ತಂಡದ ನೌಕರ. ಸಂಬಳ ಅವರದು, ಈ ವಾರ ಯಾವ ಊರಲ್ಲಿ ಆಡಬೇಕು ಅನ್ನುವ ಮಾತೂ ಅವರದೇ. ನಮ್ಮ ಕನ್ಸಲ್ಟೆನ್ಸಿಯವರು ಸೂಟ್‌ಕೇಸ್ ಸಮೇತ ಕ್ಲಯಂಟ್ ಊರಿಗೆ ಕಳಿಸುತ್ತಿದ್ದರಲ್ಲ, ಥೇಟ್ ಹಾಗೆ. ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾದಿಂದ ಬಂದ ಹುಡುಗರು ಬೇಕಾದಷ್ಟು ಜನ. ಅವರಿಗೂ ವೀಸಾ ತಾಪತ್ರಯ ಇದೆ, ಪಿ-1 ಅಂತ. ಇಂಗ್ಲಿಷ್ ಬಾರದೆ ಹೋಟೆಲಿನಲ್ಲಿ ಬೆರಳು ತೋರಿಸಿ ಊಟ ತರಿಸಿಕೊಳ್ಳುವುದೂ ಇದೆ.

ಸಂಬಳ ಕೇಳಿದರೆ ನಗುತ್ತೀಯ. 2022ರವರೆಗೆ ಸಿಂಗಲ್-ಎ ಆಟಗಾರನಿಗೆ ವರ್ಷಕ್ಕೆ ಕನಿಷ್ಠ 11,000 ಡಾಲರ್, ಟ್ರಿಪಲ್-ಎಯಲ್ಲಿ 17,500. ಅವರೆಲ್ಲ ಯೂನಿಯನ್‌ಗೆ ಸೇರಿದ ಮೇಲೆ, 2023ರಲ್ಲಿ ಮೊದಲ ಒಪ್ಪಂದ ಆಗಿ 26,200 ಮತ್ತು 35,800 ಆಯಿತು. ಚಳಿಗಾಲದಲ್ಲಿ ಬೇರೆಯವರ ಮನೆಯ ಎಲೆ ಗುಡಿಸಿ ಹೊಟ್ಟೆ ಹೊರೆದವರ ಕಥೆ ಇಲ್ಲಿ ಹಳಬರನ್ನು ಕೇಳಿದರೆ ಸಿಗುತ್ತದೆ.

ಇನ್ನು ಕಾರ್ಡು. ಎರಡನೆಯ ವರ್ಷ ಒಂದು ಸಂಜೆ ಗೇಟಿನಲ್ಲಿ ಎಲ್ಲರಿಗೂ ತಂಡದ ಒಂದು ಕಟ್ಟು ಕಾರ್ಡ್ ಪುಕ್ಕಟೆ ಕೊಟ್ಟರು. ಇಪ್ಪತ್ತೈದು ಮೂವತ್ತು ಮುಖ. ಮುಂದೆ ಫೋಟೋ, ಹಿಂದೆ ಎತ್ತರ, ತೂಕ, ಎಡಗೈಯೋ ಬಲಗೈಯೋ, ಹುಟ್ಟಿದ ಊರು, ಹಿಂದಿನ ವರ್ಷಗಳ ಲೆಕ್ಕ. ಕೈಗೆ ಬಂದ ತಕ್ಷಣ ನೆನಪಾಗಿದ್ದು ಬಿಗ್ ಫನ್ ಬಬಲ್ ಗಮ್. ನಿನಗೆ ಗೊತ್ತಿರಲಿಕ್ಕಿಲ್ಲ, ನಮ್ಮ ಕಾಲದ್ದು. ಗಮ್ ಜೊತೆ ಕ್ರಿಕೆಟಿಗರ ಚಿತ್ರ ಬರುತ್ತಿತ್ತು, ಅದಕ್ಕಾಗಿ ನಾನು ಸಾಗರದ ಪೇಟೆಯಲ್ಲಿ ಅಜ್ಜಿ ಕೊಟ್ಟ ಚಿಲ್ಲರೆಯನ್ನೆಲ್ಲ ಕಳೆದಿದ್ದೇನೆ. ಇಲ್ಲಿಯೂ ಟಾಪ್ಸ್ ಕಂಪನಿಯವರು ದಶಕಗಳ ಕಾಲ ಗಮ್ ಜೊತೆಗೇ ಕಾರ್ಡ್ ಮಾರುತ್ತಿದ್ದರು. ಅದಕ್ಕೂ ಮೊದಲು ಸಿಗರೇಟು ಪ್ಯಾಕಿನಲ್ಲಿ ಬರುತ್ತಿತ್ತು. ಬುಲ್ಸ್ ಮೈದಾನದ ಪಕ್ಕದಲ್ಲೇ ಕೆಂಪು ಇಟ್ಟಿಗೆಯ ಹಳೇ ಕಾರ್ಖಾನೆಗಳಿವೆಯಲ್ಲ, ಅಮೆರಿಕನ್ ಟೊಬ್ಯಾಕೊ, ಈಗ ಆಫೀಸು ಹೋಟೆಲ್ ಮಾಡಿದ್ದಾರೆ. ಆ ಕಂಪನಿಯೇ 1909ರಿಂದ 1911ರವರೆಗೆ ಸಿಗರೇಟಿನ ಜೊತೆ ಹಂಚಿದ್ದು ಟಿ-206 ಅನ್ನುವ ಕಾರ್ಡ್‌ಗಳನ್ನು. ಅದರಲ್ಲಿ ಹೋನಸ್ ವ್ಯಾಗ್ನರ್ ಅನ್ನುವವರ ಒಂದು ಕಾರ್ಡ್ 2022ರಲ್ಲಿ 72.5 ಲಕ್ಷ ಡಾಲರ್‌ಗೆ ಹೋಯಿತು. ಎಲ್ಲರೂ ಇದನ್ನೇ ಹೇಳುತ್ತಾರೆ. ಆದರೆ ಆ 524 ಕಾರ್ಡ್‌ಗಳಲ್ಲಿ 134 ಮೈನರ್ ಲೀಗಿನವರದು ಅನ್ನುವುದನ್ನು ಯಾರೂ ಹೇಳುವುದಿಲ್ಲ.

ನನ್ನ ಕಟ್ಟನ್ನು ಫ್ರಿಜ್ ಮೇಲೆ ಇಟ್ಟು ಮರೆತೆ. 2009ರಲ್ಲಿ ಕೆಲಸ ಹೋಯಿತು. ಆಗ ಎಚ್-1ಬಿ ವೀಸಾದವರಿಗೆ ಬೇರೆ ಕೆಲಸ ಹುಡುಕಿಕೊಳ್ಳಲು ಈಗಿನ ಹಾಗೆ 60 ದಿನದ ಗಡುವೂ ಇರಲಿಲ್ಲ. ನಿನ್ನ ಅತ್ತಿಗೆ ಬಸುರಿ. ಹಗಲೆಲ್ಲ ಅರ್ಜಿ ಹಾಕುವುದು, ರಾತ್ರಿ ನಿದ್ದೆ ಇಲ್ಲ. ಅಂಥದೊಂದು ರಾತ್ರಿ ಫ್ರಿಜ್ ಒರೆಸುವಾಗ ಆ ಕಟ್ಟು ಸಿಕ್ಕಿತು. ಸುಮ್ನೆ ಒಂದೊಂದೇ ಹೆಸರನ್ನು ಇಂಟರ್‌ನೆಟ್‌ನಲ್ಲಿ ಹುಡುಕುತ್ತಾ ಕೂತೆ. ಬೇಸ್‌ಬಾಲ್ ರೆಫರೆನ್ಸ್ ಅಂತ ಒಂದು ತಾಣವಿದೆ, ಮೈನರ್ ಲೀಗಿನಲ್ಲಿ ಆಡಿದವರ ಲೆಕ್ಕವೂ ಅಲ್ಲಿ ಸಿಗುತ್ತದೆ. ಟೇಬಲ್ ಒಂದು ವರ್ಷಕ್ಕೆ ನಿಂತುಬಿಡುತ್ತದೆ. ಅದರ ಕೆಳಗೆ ಖಾಲಿ. ಆ ಖಾಲಿ ಜಾಗದಲ್ಲಿ ಇವನು ಏನು ಮಾಡಿದ? ನನಗೆ ಆಗ ಬೇಕಾಗಿದ್ದ ಉತ್ತರ ಅದೇ. ಒಬ್ಬ ಹೈಸ್ಕೂಲ್ ಕೋಚ್. ಒಬ್ಬ ಇನ್ಶೂರೆನ್ಸ್ ಏಜೆಂಟ್. ಒಬ್ಬ ಮತ್ತೆ ಕಾಲೇಜಿಗೆ ಹೋಗಿ ಫಾರ್ಮಸಿಸ್ಟ್ ಆಗಿದ್ದ. ಬೆಳಗಿನ ಜಾವ ನಾಲ್ಕಾಯಿತು. ಹುಚ್ಚು ಹಿಡಿದಿದ್ದು ಅವತ್ತು. ನನಗೆ ಬೇರೆ ಕಡೆ ಕೆಲಸ ಸಿಕ್ಕಿತು, ಅದು ಬೇರೆ ಕಥೆ, ಇನ್ನೊಮ್ಮೆ ಹೇಳುತ್ತೇನೆ.

ಮೈನರ್ ಲೀಗ್ ಬಿಟ್ಟು ದೊಡ್ಡವರಾದವರೂ ಇದ್ದಾರೆ. ನ್ಯೂಯಾರ್ಕ್ ಗವರ್ನರ್ ಆಗಿದ್ದ ಮಾರಿಯೊ ಕ್ವೊಮೊ 1952ರಲ್ಲಿ ಜಾರ್ಜಿಯಾದ ಬ್ರನ್ಸ್‌ವಿಕ್‌ನಲ್ಲಿ ಆಡಿದ್ದರು. ಪಕ್ಕದ ರ‍್ಯಾಲಿಯ ಎನ್.ಸಿ. ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದಿದ ರಸೆಲ್ ವಿಲ್ಸನ್ 2011ರಲ್ಲಿ ಆಶ್‌ವಿಲ್ ತಂಡದಲ್ಲಿದ್ದ, ಮೂರು ವರ್ಷಕ್ಕೆ ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದ. ಅವರ ಕಾರ್ಡ್‌ಗೆ ದುಡ್ಡು ಜಾಸ್ತಿ. ನನಗೆ ಅಷ್ಟು ಆಸಕ್ತಿ ಇಲ್ಲ.

ನನಗೆ ಆಸಕ್ತಿ ಇರುವುದು ಸ್ಟೀವ್ ಡಾಲ್ಕೋವ್‌ಸ್ಕಿ ಅಂಥವರಲ್ಲಿ. ನನ್ನ ಹತ್ತಿರ ಇರುವುದರಲ್ಲಿ ದುಬಾರಿ ಕಾರ್ಡ್ ಅವರದೇ, 1963ರ ಟಾಪ್ಸ್. ಅದೂ ಇಡೀ ಕಾರ್ಡ್ ಅವರದಲ್ಲ, ನಾಲ್ಕು ಹೊಸಬರ ಮುಖ ಒಂದೇ ಕಾರ್ಡಿನಲ್ಲಿ. ಕನ್ನಡಕ ಹಾಕುತ್ತಿದ್ದ ಎಡಗೈ ಪಿಚರ್. ಅವರಷ್ಟು ಜೋರಾಗಿ ಎಸೆದವರನ್ನು ನೋಡೇ ಇಲ್ಲ ಅಂತ ಎದುರಿಗೆ ನಿಂತ ಎಷ್ಟೋ ಜನ ಹೇಳಿದ್ದಾರೆ. ಆದರೆ ಚೆಂಡು ಎಲ್ಲಿಗೆ ಹೋಗುತ್ತದೆ ಅಂತ ಅವರಿಗೇ ಗೊತ್ತಿರುತ್ತಿರಲಿಲ್ಲ. 1960ರಲ್ಲಿ ಸ್ಟಾಕ್ಟನ್‌ನಲ್ಲಿ 170 ಇನಿಂಗ್ಸ್ ಎಸೆದು, ಚೆಂಡನ್ನು ಹೊಡೆಯಲೂ ಬಿಡದೆ 262 ಜನರನ್ನು ಔಟ್ ಮಾಡಿದರು. ಗುರಿ ತಪ್ಪಿ ಪುಕ್ಕಟೆಯಾಗಿ ಮೊದಲ ಬೇಸ್‌ಗೆ, ಅಂದರೆ ಓಟದ ಮೊದಲ ನಿಲ್ದಾಣಕ್ಕೆ ಕಳಿಸಿದ್ದೂ 262 ಜನರನ್ನೇ. 1963ರ ಮಾರ್ಚ್‌ನಲ್ಲಿ ಮೇಜರ್ ಲೀಗಿನ ಯೂನಿಫಾರ್ಮ್‌ಗೆ ಅಳತೆಯೂ ಆಗಿತ್ತು. ಅಷ್ಟರಲ್ಲಿ ಮೊಣಕೈ ಹೋಯಿತು. ಆ ವರ್ಷ ಕಾರ್ಡ್ ಬಂತು, ಅವರು ಮೇಲೆ ಹೋಗಲೇ ಇಲ್ಲ. ಆಮೇಲೆ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಕೂಲಿ, ಕುಡಿತ. ಕೊನೆಗೆ ತಂಗಿ ಊರಿಗೆ ಕರೆತಂದು ನೋಡಿಕೊಂಡರು. 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡರು.

ನಮ್ಮ ದೇಶದವರು ಇಲ್ಲವೇ ಅಂದೆಯಲ್ಲ, ಇದ್ದರು. 2008ರಲ್ಲಿ ಭಾರತದಲ್ಲಿ ಚೆಂಡು ಎಸೆಯುವ ಸ್ಪರ್ಧೆ ಮಾಡಿ ಉತ್ತರ ಪ್ರದೇಶದ ಇಬ್ಬರು ಜಾವೆಲಿನ್ ಹುಡುಗರನ್ನು ಆರಿಸಿದರು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. ಕ್ರಿಕೆಟ್ಟಿನ ರಿಂಕು ಅಲ್ಲ ಮತ್ತೆ. ಬೇಸ್‌ಬಾಲ್ ಅಂದರೆ ಏನು ಅಂತಲೇ ಗೊತ್ತಿಲ್ಲದವರನ್ನು ಪಿಟ್ಸ್‌ಬರ್ಗ್ ಪೈರೆಟ್ಸ್ ತಂಡ ಸೇರಿಸಿಕೊಂಡಿತು. 2009ರ ಜುಲೈನಲ್ಲಿ ರಿಂಕು ಒಂದು ಮ್ಯಾಚ್ ಗೆದ್ದುಕೊಟ್ಟ, ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಹಾಗೆ ಗೆದ್ದ ಮೊದಲ ಭಾರತೀಯ. ನನಗೆ ಕೆಲಸವಿಲ್ಲದ ಅದೇ ಬೇಸಿಗೆ. ದಿನೇಶ್ ಮುಂದಿನ ವರ್ಷವೇ ಊರಿಗೆ ವಾಪಸ್ ಹೋದ. ರಿಂಕುವಿಗೆ ಗಾಯದ ಮೇಲೆ ಗಾಯ. ಕೊನೆಗೆ ಕುಸ್ತಿಗೆ ಹೋಗಿ ಡಬ್ಲ್ಯುಡಬ್ಲ್ಯುಇಯಲ್ಲಿ ವೀರ್ ಮಹಾನ್ ಆದ. ಅವನ ಲೆಕ್ಕದ ಟೇಬಲ್ ಈಗಲೂ ಆ ತಾಣದಲ್ಲಿದೆ, ಕೆಳಗೆ ಖಾಲಿ.

ಒಂದು ಕಾರ್ಡಿನ ಕಥೆ ಮಾತ್ರ ಪೂರ್ತಿ ಹೇಳಬೇಕು.

2014ರ ಜೂನ್‌ನಲ್ಲಿ ಮನೆ ಎಸಿ ಕೆಟ್ಟಿತು. ರಿಪೇರಿಗೆ ಬಂದವರಿಗೆ ಐವತ್ತರ ಹತ್ತಿರ ವಯಸ್ಸು, ಸ್ಕ್ರೂಡ್ರೈವರ್ ಎಡಗೈಯಲ್ಲಿ. ಕೆಲಸ ಮುಗಿಸಿ ಬಿಲ್ ಬರೆಯಲು ಊಟದ ಮೇಜಿಗೆ ಬಂದರು. ಆಲ್ಬಮ್ ತೆರೆದೇ ಇತ್ತು. ಎರಡು ಹಾಳೆ ತಿರುವಿ ಒಂದು ಮುಖದ ಮೇಲೆ ಬೆರಳಿಟ್ಟು, ‘ಇವನು ನನ್ನ ರೂಮ್‌ಮೇಟ್’ ಅಂದರು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಎರಡು ಸೀಸನ್ ಸಿಂಗಲ್-ಎಯಲ್ಲಿ ಆಡಿದ್ದರಂತೆ. ಒಂದು ಬೆಳಿಗ್ಗೆ ಮ್ಯಾನೇಜರ್ ರೂಮಿಗೆ ಕರೆದು ಕೈ ಕುಲುಕಿ ಕಳಿಸಿದರು. ಒಂಬತ್ತು ಗಂಟೆ ಕಾರು ಓಡಿಸಿಕೊಂಡು ಮನೆಗೆ ಬಂದು, ಸೋಮವಾರದಿಂದ ಚಿಕ್ಕಪ್ಪನ ಜೊತೆ ಎಸಿ ಕೆಲಸ. ಬೇಜಾರಾಗಲಿಲ್ಲವಾ ಅಂದೆ. ‘ಎರಡು ವರ್ಷ ಟೀವಿಯಲ್ಲಿ ಬೇಸ್‌ಬಾಲ್ ಹಾಕಲಿಲ್ಲ. ಆಮೇಲೆ ಹಾಕಿದೆ’ ಅಂದರು. ಅಷ್ಟೇ.

ಅವರ ಸ್ವಂತ ಕಾರ್ಡ್ ಅವರ ಹತ್ತಿರವೇ ಇರಲಿಲ್ಲ. ಅಮ್ಮ ನೆಂಟರಿಗೆಲ್ಲ ಹಂಚಿ ಮುಗಿಸಿದ್ದರಂತೆ. ನಾನು ಆ ವರ್ಷದ ಕಟ್ಟನ್ನು ಆನ್‌ಲೈನ್‌ನಲ್ಲಿ ಹುಡುಕಿ ಎರಡು ತರಿಸಿದೆ. ಕಟ್ಟಿಗೆ ಮೂರು ಡಾಲರ್, ಅಂಚೆಗೆ ನಾಲ್ಕು. ಅಕ್ಟೋಬರ್‌ನಲ್ಲಿ ಹೀಟರ್ ನೋಡಲು ಬಂದಾಗ ಅವರ ಕೈಗೆ ಕೊಟ್ಟೆ. ಮುಖ ನೋಡಲಿಲ್ಲ, ಮೊದಲು ತಿರುಗಿಸಿ ಹಿಂಭಾಗ ಓದಿದರು. ‘ತೂಕ 175 ಪೌಂಡ್ ಅಂತ ಇದೆ. ಸುಳ್ಳು. 160 ಇದ್ದೆ. ಕೋಚ್ ಜಾಸ್ತಿ ಬರೆಸಿದ್ದರು.’ ಇನ್ನೊಂದರ ಮೇಲೆ ಸಹಿ ಕೇಳಿದೆ. ಪೆನ್ ಹಿಡಿದು ಸುಮ್ಮನೆ ನಿಂತರು. ಆಗಿನ ಸಹಿ ಬೇರೆ, ಈಗ ಚೆಕ್ಕಿಗೆ ಹಾಕುವುದು ಬೇರೆಯಂತೆ. ಬಿಲ್ಲಿನ ಹಿಂದೆ ಎರಡು ಸಲ ಬರೆದು ನೋಡಿ, ಮೂರನೆಯದನ್ನು ಕಾರ್ಡಿನ ಮೇಲೆ ಹಾಕಿದರು. ಆ ಬಿಲ್ಲೂ ಆಲ್ಬಮ್‌ನಲ್ಲಿದೆ. ಒಂದು ಡಾಲರೂ ಕಡಿಮೆ ಮಾಡಲಿಲ್ಲ ಅನ್ನುವುದು ಬೇರೆ ಮಾತು.

ನಿನಗೂ ಶುರು ಮಾಡುವ ಮನಸ್ಸಿದ್ದರೆ ಒಂದೆರಡು ಮಾತು. ದುಡ್ಡು ಬೆಳೆಯುತ್ತದೆ ಅಂತ ಬರಬೇಡ. 1980ರ ಕೊನೆ, 90ರ ಶುರುವಿನ ಕಾರ್ಡ್‌ಗಳನ್ನು ರಾಶಿ ರಾಶಿ ಮುದ್ರಿಸಿದ್ದಾರೆ, ಕೇಳುವವರಿಲ್ಲ. ನಮಗೆ ಅದೇ ಅನುಕೂಲ. ತಂಡದ ಅಂಗಡಿಯಲ್ಲಿ ಆ ವರ್ಷದ ಕಟ್ಟು ಸಿಗುತ್ತದೆ. ಒಂಬತ್ತು ಜೇಬಿನ ಪ್ಲಾಸ್ಟಿಕ್ ಹಾಳೆ ತಗೋ. ಮ್ಯಾಚ್‌ಗೆ ಒಂದು ಗಂಟೆ ಮೊದಲೇ ಹೋಗಿ ಡಗೌಟ್ ಪಕ್ಕ ನಿಲ್ಲು, ಹೆಸರು ಹಿಡಿದು ಮರ್ಯಾದೆಯಿಂದ ಕೇಳಿದರೆ ಸಹಿ ಹಾಕುತ್ತಾರೆ. ಸಹಿ ಆದ ತಕ್ಷಣ ಕವರಿಗೆ ತುರುಕಬೇಡ. ನುಣುಪು ಕಾರ್ಡಿನ ಮೇಲೆ ಶಾಯಿ ಬೇಗ ಒಣಗುವುದಿಲ್ಲ. ನನ್ನ ಮೊದಲ ಸಹಿಯ ಮೇಲೆ ನನ್ನ ಹೆಬ್ಬೆಟ್ಟಿನ ಗುರುತು ಇದೆ, ರಿಜಿಸ್ಟ್ರಾರ್ ಆಫೀಸಿನಲ್ಲಿ ಒತ್ತಿದ ಹಾಗೆ. ಮೊದಲೇ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ನುಣುಪು ತೆಗೆದಿಟ್ಟರೆ ಸರಿ.

ಆಟ ಬಿಟ್ಟವರಿಗಾದರೆ ಕಾಗದ ಬರೆಯಬೇಕು. ಮನೆ ವಿಳಾಸ ಹುಡುಕುತ್ತಾ ಹೋಗಬೇಡ, ನನಗೆ ಅದು ಸರಿ ಕಾಣುವುದಿಲ್ಲ. ಎಷ್ಟೋ ಜನ ಕಾಲೇಜಿನಲ್ಲಿ ಕೋಚ್ ಆಗಿರುತ್ತಾರೆ, ಅಲ್ಲಿಗೆ ಕಳಿಸು. ಒಂದು ಪುಟ ಕೈಬರಹ, ಕಾರ್ಡು, ನಿನ್ನ ವಿಳಾಸ ಬರೆದು ಸ್ಟಾಂಪ್ ಹಚ್ಚಿದ ವಾಪಸ್ ಲಕೋಟೆ. ಬಂದರೆ ಬಂತು. ಒಬ್ಬರಿಗೆ ಒಂದೇ ಸಲ. ನನಗೆ ಒಮ್ಮೆ ಹದಿನಾಲ್ಕು ತಿಂಗಳ ಮೇಲೆ ಉತ್ತರ ಬಂತು. ಆ ಹೊತ್ತಿಗೆ ನಾವು ಬಾಡಿಗೆ ಮನೆ ಬದಲಿಸಿದ್ದೆವು, ಹಳೇ ಮನೆಯಲ್ಲಿದ್ದ ತೆಲುಗಿನವರು ತಂದುಕೊಟ್ಟರು. ಅವರ ಪರಿಚಯ ಆಗಿದ್ದೇ ಹಾಗೆ, ಈಗ ಅವರ ಮಗಳ ಮದುವೆಗೆ ನಾವು ಬೇಕೇ ಬೇಕು.

ಆಫೀಸಿನ ಊಟದ ಮಾತಿಗೂ ಇದೇ ಮದ್ದು. ಮೇಜರ್ ಲೀಗ್ ಬಗ್ಗೆ ಅವರಿಗಿಂತ ಜಾಸ್ತಿ ನಿನಗೆ ಯಾವ ಕಾಲಕ್ಕೂ ಗೊತ್ತಾಗುವುದಿಲ್ಲ. ‘ನಿಮ್ಮೂರಲ್ಲಿ ಮೈನರ್ ಲೀಗ್ ತಂಡ ಇತ್ತಾ?’ ಅಂತ ಕೇಳಿ ಸುಮ್ಮನೆ ಕೂತುಕೋ. ಅಪ್ಪ ಕರೆದುಕೊಂಡು ಹೋಗಿದ್ದು, ಚೆಂಡು ಹಿಡಿದಿದ್ದು, ತಂಡ ಮುಚ್ಚಿದ್ದು ಎಲ್ಲ ಬರುತ್ತದೆ. ನನ್ನ ಮ್ಯಾನೇಜರ್ ಒಬ್ಬರು ಆರು ವರ್ಷ ಬರೀ ಹಲೋ ಅನ್ನುತ್ತಿದ್ದವರು, ಈ ಪ್ರಶ್ನೆ ಕೇಳಿದ ದಿನ ಮೀಟಿಂಗ್ ತಪ್ಪಿಸಿಕೊಂಡರು.

ಮುಂದಿನ ವಾರ ಬುಲ್ಸ್ ಊರಲ್ಲಿದ್ದಾರೆ, ಮಂಗಳವಾರದಿಂದ ಭಾನುವಾರದವರೆಗೆ ಆರು ಮ್ಯಾಚ್. ಮಂಗಳವಾರ ಜನ ಕಡಿಮೆ, ಅವತ್ತೇ ಬಾ. ಆಫೀಸಿನಿಂದ ನೇರ ಬಂದರೆ ಸಾಕು, ಗೇಟಿನ ಹತ್ತಿರ ಇರುತ್ತೇನೆ. ಟಿಕೆಟ್ ನನ್ನದು, ಕಡಲೆಕಾಯಿ ನಿನ್ನದು. ಸಿಪ್ಪೆ ಅಲ್ಲೇ ಕಾಲ ಕೆಳಗೆ ಹಾಕಬಹುದು, ಯಾರೂ ಏನೂ ಅನ್ನುವುದಿಲ್ಲ. ಪೆನ್ ತರಬೇಡ, ನೀಲಿ ಶಾರ್ಪಿ ನನ್ನ ಹತ್ತಿರ ಎರಡಿವೆ.