ಪ್ರಶ್ನೋತ್ತರ: ಫೈಲಿನ ಲೇಬಲ್ ಎಲ್ಲಿಂದ ಬರುತ್ತದೆ?

ಪ್ರ: ನಮ್ಮ ಕಾರ್ಖಾನೆಯ ಸರ್ವರಿನಲ್ಲಿ ರಾಕಿ ಲಿನಕ್ಸ್ 9 ಇದೆ. ಯಂತ್ರಗಳ ಕೈಪಿಡಿಗಳಿರುವ ಪೆನ್‌ಡ್ರೈವನ್ನು ಮೌಂಟ್ ಮಾಡಿ, ಅಪಾಚೆ ವೆಬ್ ಸರ್ವರ್ ಮೂಲಕ ಕಾರ್ಖಾನೆಯವರಿಗೆ ತೋರಿಸಬೇಕು. ಫೈಲುಗಳ ಅನುಮತಿ 755 ಇದ್ದರೂ ಬ್ರೌಸರಿನಲ್ಲಿ 403 (ಪ್ರವೇಶ ನಿಷಿದ್ಧ) ಬರುತ್ತದೆ. ಫೈಲಿನ ಲೇಬಲ್ ಬದಲಿಸುವ ಸಿಎಚ್‌ಕಾನ್ ಆದೇಶ ಕೊಟ್ಟರೆ ‘ಆಪರೇಷನ್ ನಾಟ್ ಸಪೋರ್ಟೆಡ್’. ಎಸ್‌ಇಲಿನಕ್ಸ್ ತಡೆಯದಂತೆ ಸೆಟ್‌ಎನ್‌ಫೋರ್ಸ್ 0 ಮಾಡಿದರೆ ಎಲ್ಲ ಸರಿ. ಹಾಗೇ ಬಿಟ್ಟುಬಿಡಲೇ?
– ಒಬ್ಬ ಓದುಗರು, ಪೀಣ್ಯ, ಬೆಂಗಳೂರು

ಉ: ಬಿಡಬೇಡಿ. ಒಂದು ಪೆನ್‌ಡ್ರೈವಿಗಾಗಿ ಇಡೀ ಸರ್ವರಿನ ಕಾವಲು ತೆಗೆದಂತಾಗುತ್ತದೆ. ಅದೂ ಸಾಲದೆಂಬಂತೆ, ರೀಬೂಟ್ ಆದೊಡನೆ 403 ಮತ್ತೆ ಹಾಜರ್.

ಯಾವ ಪ್ರೋಗ್ರಾಂ ಯಾವ ಫೈಲನ್ನು ಮುಟ್ಟಬಹುದೆಂದು ಕಾಯುವ ಎಸ್‌ಇಲಿನಕ್ಸ್‌ನಲ್ಲಿ ಪ್ರತಿ ಫೈಲಿಗೂ ಬಳಕೆದಾರ, ಪಾತ್ರ, ಟೈಪ್, ಹಂತ ಎಂಬ ನಾಲ್ಕು ಭಾಗಗಳ ಲೇಬಲ್ ಇರುತ್ತದೆ. ದಿನನಿತ್ಯದ ಕೆಲಸದಲ್ಲಿ ಲೆಕ್ಕಕ್ಕೆ ಬರುವುದು ಬಹುಮಟ್ಟಿಗೆ ಟೈಪ್. ಈ ಲೇಬಲ್ಲನ್ನು ಎಲ್ಲಿಂದ ತರಬೇಕೆಂಬುದನ್ನು ಕರ್ನಲ್ (ಲಿನಕ್ಸಿನ ತಿರುಳು) ಫೈಲ್‌ಸಿಸ್ಟಂ ಮೌಂಟ್ ಆಗುವಾಗಲೇ ತೀರ್ಮಾನಿಸಿಬಿಡುತ್ತದೆ. ಮೌಂಟ್ ಆದೇಶದಲ್ಲಿ ನೀವು ಏನನ್ನೂ ಹೇಳದಿದ್ದರೆ, ಫೈಲ್‌ಸಿಸ್ಟಂನ ಹೆಸರು ಹಿಡಿದು ಪಾಲಿಸಿಯಲ್ಲಿ (ಎಸ್‌ಇಲಿನಕ್ಸ್ ನಿಯಮಾವಳಿಯಲ್ಲಿ) ಹುಡುಕುತ್ತದೆ.

ಲಿನಕ್ಸ್ ಡಿಸ್ಕುಗಳ ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್‌ಗಳಿಗೆ ಪಾಲಿಸಿಯಲ್ಲಿ ಎಫ್‌ಎಸ್_ಯೂಸ್_ಎಕ್ಸ್‌ಅಟರ್ ಎಂಬ ಸಾಲಿದೆ. ಅಂದರೆ ಲೇಬಲ್ ಡಿಸ್ಕಿನಲ್ಲೇ, ಪ್ರತಿ ಫೈಲಿನ ಜೊತೆ ಸೆಕ್ಯುರಿಟಿ.ಎಸ್‌ಇಲಿನಕ್ಸ್ ಎಂಬ ಹೆಚ್ಚುವರಿ ಗುಣಲಕ್ಷಣವಾಗಿ ಕೂತಿರುತ್ತದೆ. ಮೆಮೊರಿಯಲ್ಲಷ್ಟೇ ಇರುವ ಟಿಎಂಪಿಎಫ್‌ಎಸ್‌ಗೆ ಎಫ್‌ಎಸ್_ಯೂಸ್_ಟ್ರಾನ್ಸ್: ಫೈಲನ್ನು ಸೃಷ್ಟಿಸಿದ ಪ್ರೋಸೆಸ್ಸಿನ ಲೇಬಲ್, ಫೈಲ್‌ಸಿಸ್ಟಂನ ಲೇಬಲ್ ಎರಡನ್ನೂ ನೋಡಿ ಲೆಕ್ಕ ಹಾಕಲಾಗುತ್ತದೆ. ಪೈಪ್, ಸಾಕೆಟ್‌ಗಳಿಗೆ ಎಫ್‌ಎಸ್_ಯೂಸ್_ಟಾಸ್ಕ್: ಸೃಷ್ಟಿಸಿದ ಪ್ರೋಸೆಸ್ಸಿನದೇ ಲೇಬಲ್. ಇನ್ನು ಲೇಬಲ್ ಬರೆದಿಡಲು ಜಾಗವೇ ಇಲ್ಲದ, ಪೆನ್‌ಡ್ರೈವುಗಳ ವಿಫ್ಯಾಟ್, ಸಿಡಿಯ ಐಎಸ್‌ಒ9660 ಮೊದಲಾದವುಗಳಿಗೆ ಜೆನ್‌ಎಫ್‌ಎಸ್‌ಕಾನ್ ಎಂಬ ಸಾಲು. ಕರ್ನಲ್ ಮಾಹಿತಿ ತೋರಿಸುವ ಪ್ರಾಕ್ ಕೂಡ ಇದೇ ಗುಂಪಿನದು. ಅದಕ್ಕೂ ಸಿಸ್‌ಎಫ್‌ಎಸ್‌ನಂಥ ಇನ್ನು ಕೆಲವಕ್ಕೂ ಒಳಗಿನ ಒಂದೊಂದು ದಾರಿಗೂ ಬೇರೆ ಬೇರೆ ಟೈಪ್ ಕೊಡಬಹುದು. ಯಾವ ಸಾಲೂ ಸಿಗದಿದ್ದರೆ ಫೈಲುಗಳೆಲ್ಲ ಅನ್‌ಲೇಬಲ್ಡ್_ಟಿ.

ನಿಮ್ಮ ಪೆನ್‌ಡ್ರೈವ್ ವಿಫ್ಯಾಟ್ ಆಗಿದ್ದರೆ ಎಲ್‌ಎಸ್ ಆದೇಶಕ್ಕೆ ದೊಡ್ಡಕ್ಷರದ ಝಡ್ ಸೇರಿಸಿ ನೋಡಿ, ಪ್ರತಿ ಫೈಲಿಗೂ ಡಾಸ್‌ಎಫ್‌ಎಸ್_ಟಿ ಎಂದಿರುತ್ತದೆ. ಅಪಾಚೆಗೆ ಆ ಟೈಪನ್ನು ಓದುವ ಹಕ್ಕಿಲ್ಲ, ಅದಕ್ಕೇ 403. ಹೊಸ ಲೇಬಲ್ ಬರೆಯಲು ಜಾಗವಿಲ್ಲದ್ದರಿಂದ ಸಿಎಚ್‌ಕಾನ್ ಕೈಚೆಲ್ಲಿತು.

ಪರಿಹಾರ ಮೌಂಟ್ ಆದೇಶದಲ್ಲೇ ಇದೆ. ಮೊದಲು ಪೆನ್‌ಡ್ರೈವನ್ನು ಅನ್‌ಮೌಂಟ್ ಮಾಡಿ. ಆಮೇಲೆ ‘ಕಾಂಟೆಕ್ಸ್ಟ್=’ ಆಯ್ಕೆಗೆ ಸಿಸ್ಟಂ_ಯು:ಆಬ್ಜೆಕ್ಟ್_ಆರ್:ಎಚ್‌ಟಿಟಿಪಿಡಿ_ಸಿಸ್_ಕಂಟೆಂಟ್_ಟಿ:ಎಸ್0 ಎಂದು ಕೊಟ್ಟು ಮೌಂಟ್ ಮಾಡಿ. ಕೈಪಿಡಿಗಳನ್ನು ಓದುವುದಷ್ಟೇ ಆದ್ದರಿಂದ ‘ಆರ್‌ಒ’ ಆಯ್ಕೆಯೂ ಇರಲಿ. ಇದನ್ನೇ ಎಫ್‌ಎಸ್‌ಟ್ಯಾಬ್‌ಗೆ (ಬೂಟ್ ಆಗುವಾಗ ಮೌಂಟ್ ಮಾಡಬೇಕಾದವುಗಳ ಪಟ್ಟಿಗೆ) ಸೇರಿಸುವಾಗ ‘ನೋಫೇಲ್’ ಮರೆಯಬೇಡಿ. ಇಲ್ಲದಿದ್ದರೆ ಯಾರೋ ಪೆನ್‌ಡ್ರೈವ್ ಕಿತ್ತುಕೊಂಡು ಹೋದ ದಿನ ಸರ್ವರ್ ಬೂಟ್ ಆಗುವಾಗ ತುರ್ತು ಮೋಡ್‌ನಲ್ಲಿ ನಿಂತುಬಿಡುತ್ತದೆ. ರೀಮೌಂಟ್ ಮಾಡುವಾಗ ಕಾಂಟೆಕ್ಸ್ಟ್ ಬದಲಿಸಲು ಬರುವುದಿಲ್ಲ, ಪೂರ್ತಿ ಇಳಿಸಿಯೇ ಏರಿಸಬೇಕು. ಲೇಬಲ್ಲಿನಲ್ಲಿ ಅಲ್ಪವಿರಾಮ ಇದ್ದರೆ (ಸಿ127,ಸಿ456 ಎಂಬಂಥ ವರ್ಗಗಳು) ಅದನ್ನು ಜೋಡಿ ಉದ್ಧರಣ ಚಿಹ್ನೆಯೊಳಗಿಟ್ಟು, ಶೆಲ್ ಅದನ್ನು ತಿಂದುಹಾಕದಂತೆ ಹೊರಗೆ ಒಂಟಿ ಚಿಹ್ನೆಯನ್ನೂ ಹಾಕಿ. ಹೀಗೆ ಕೊಟ್ಟ ಲೇಬಲ್ ಮೆಮೊರಿಯಲ್ಲಷ್ಟೇ ಇರುತ್ತದೆ, ಪೆನ್‌ಡ್ರೈವಿಗೆ ಏನೂ ಬರೆಯುವುದಿಲ್ಲ. ಇಡೀ ಪೆನ್‌ಡ್ರೈವಿಗೆ ಒಂದೇ ಲೇಬಲ್ ಆದ್ದರಿಂದ ಸಂಬಳದ ಪಟ್ಟಿಯನ್ನೂ ಅದರಲ್ಲೇ ಇಡುವ ಆಸೆ ಬೇಡ.

ಪ್ರ: ಮನೆಯ ಫೋಲ್ಡರಿನಲ್ಲಿ ತಯಾರಿಸಿದ ವೆಬ್ ಪುಟಗಳನ್ನು ಎಂವಿ (ಸ್ಥಳಾಂತರ) ಮಾಡಿ ವೆಬ್ ಫೋಲ್ಡರಿಗೆ ಹಾಕಿದರೆ ಅಪಾಚೆ ಓದುವುದಿಲ್ಲ, ಸಿಪಿ (ನಕಲು) ಮಾಡಿದರೆ ಓದುತ್ತದೆ. ಏನು ವ್ಯತ್ಯಾಸ?
– ಒಬ್ಬ ಓದುಗರು, ಬಸವನಗುಡಿ

ಉ: ಸಿಪಿ ಹೊಸ ಫೈಲನ್ನು ಸೃಷ್ಟಿಸುತ್ತದೆ. ಪಾಲಿಸಿಯಲ್ಲಿ ಬೇರೆ ನಿಯಮ ಇಲ್ಲದಿದ್ದರೆ ಹೊಸ ಫೈಲಿಗೆ ತಾನು ಹುಟ್ಟಿದ ಫೋಲ್ಡರಿನ ಟೈಪ್ ಬರುತ್ತದೆ. ಎಂವಿ ಹಾಗಲ್ಲ. ಒಂದೇ ಫೈಲ್‌ಸಿಸ್ಟಂ ಒಳಗೆ ಅದು ಹೆಸರನ್ನಷ್ಟೇ ಆಚೀಚೆ ಮಾಡುತ್ತದೆ, ಐನೋಡ್ (ಡಿಸ್ಕಿನಲ್ಲಿ ಫೈಲಿನ ವಿವರಗಳಿರುವ ದಾಖಲೆ) ಹಳೆಯದೇ. ಹಾಗಾಗಿ ಮನೆಯ ಫೋಲ್ಡರಿನ ಟೈಪ್ ಆದ ಯೂಸರ್_ಹೋಮ್_ಟಿ ಜೊತೆಯಲ್ಲೇ ಬಂದಿರುತ್ತದೆ. ಲೇಬಲ್ಲನ್ನು ಇರಬೇಕಾದಂತೆ ಸರಿಪಡಿಸುವ ರಿಸ್ಟೋರ್‌ಕಾನ್ ಆದೇಶವನ್ನು ಆರ್, ವಿ ಆಯ್ಕೆಗಳೊಂದಿಗೆ ಆ ಫೋಲ್ಡರಿನ ಮೇಲೆ ಓಡಿಸಿ. ಆರ್ ಎಂದರೆ ಒಳಫೋಲ್ಡರುಗಳೂ ಸೇರಿ, ವಿ ಎಂದರೆ ಬದಲಾದದ್ದನ್ನು ತೋರಿಸು.

ನಿಮ್ಮ ವೆಬ್ ಫೋಲ್ಡರ್ ಮಾಮೂಲಿ ಜಾಗದಲ್ಲಿಲ್ಲದೆ /ಡೇಟಾ/ವೆಬ್ ಎಂಬಂತೆ ಬೇರೆಲ್ಲೋ ಇದ್ದರೆ, ಆ ದಾರಿಯನ್ನು ಮೊದಲು ಸೆಮ್ಯಾನೇಜ್ ಎಫ್‌ಕಾಂಟೆಕ್ಸ್ಟ್‌ನಿಂದ ‘ಯಾವ ದಾರಿಗೆ ಯಾವ ಲೇಬಲ್’ ಎಂಬ ಪಟ್ಟಿಗೆ ಸೇರಿಸಿ, ಆಮೇಲೆ ರಿಸ್ಟೋರ್‌ಕಾನ್. ಬರೀ ಸಿಎಚ್‌ಕಾನ್ ಮಾಡಿದ್ದು ಮುಂದೆ ಯಾರಾದರೂ ರಿಸ್ಟೋರ್‌ಕಾನ್ ಓಡಿಸಿದ ದಿನ ಅಳಿಸಿಹೋಗುತ್ತದೆ. ಈ ಪಟ್ಟಿಯನ್ನು ಓದುವವರು ರಿಸ್ಟೋರ್‌ಕಾನ್‌ನಂಥ ಉಪಕರಣಗಳು. ಕರ್ನಲ್ ಅದನ್ನು ತೆರೆದೂ ನೋಡುವುದಿಲ್ಲ. ಸೆಮ್ಯಾನೇಜ್ ಕೊಟ್ಟೆ, ಏನೂ ಆಗಲಿಲ್ಲ ಎಂದು ಬರೆಯುವವರೆಲ್ಲ ಎಡವುವುದು ಇಲ್ಲೇ.

ಪ್ರ: ನೆಟ್‌ವರ್ಕಿನಲ್ಲಿ ಫೈಲು ಹಂಚುವ ಎನ್‌ಎಫ್‌ಎಸ್ ಸರ್ವರಿನ ಒಂದೇ ಎಕ್ಸ್‌ಪೋರ್ಟಿನ (ಹಂಚಿದ ಫೋಲ್ಡರಿನ) ಎರಡು ಒಳಫೋಲ್ಡರುಗಳನ್ನು ಬೇರೆ ಬೇರೆ ಕಾಂಟೆಕ್ಸ್ಟ್ ಕೊಟ್ಟು ಮೌಂಟ್ ಮಾಡಬೇಕು. ಮೊದಲನೆಯದು ಕೂರುತ್ತದೆ, ಎರಡನೆಯದು ಕೂರುವುದಿಲ್ಲ.
– ಒಬ್ಬ ಓದುಗರು, ಜಯನಗರ

ಉ: ಡಿಮೆಸ್ಸೆಜ್‌ನಲ್ಲಿ (ಕರ್ನಲ್ ಸಂದೇಶಗಳಲ್ಲಿ) ‘ಸೇಮ್ ಸೂಪರ್‌ಬ್ಲಾಕ್, ಡಿಫರೆಂಟ್ ಸೆಕ್ಯುರಿಟಿ ಸೆಟ್ಟಿಂಗ್ಸ್’ ಎಂಬ ಸಾಲು ಇದೆಯೇ ನೋಡಿ. ಕಾಂಟೆಕ್ಸ್ಟ್ ಕೂರುವುದು ಸೂಪರ್‌ಬ್ಲಾಕಿನ (ಇಡೀ ಫೈಲ್‌ಸಿಸ್ಟಂ ಬಗ್ಗೆ ಕರ್ನಲ್ ಇಡುವ ದಾಖಲೆಯ) ಮೇಲೆ. ಎರಡೂ ಮೌಂಟ್‌ಗಳು ಒಂದನ್ನೇ ಹಂಚಿಕೊಂಡಿರುವುದರಿಂದ ಕರ್ನಲ್ ಎರಡನೆಯದನ್ನು ಒಪ್ಪುತ್ತಿಲ್ಲ. ಎರಡೂ ಕಡೆ ‘ನೋಶೇರ್‌ಕ್ಯಾಶ್’ ಆಯ್ಕೆ ಸೇರಿಸಿ. ಕ್ಯಾಶ್ ಬೇರೆಬೇರೆಯಾಗುವುದರಿಂದ ಒಂದೇ ಫೈಲನ್ನು ಎರಡೂ ಮೌಂಟ್‌ಗಳಿಂದ ಬಳಸಿದರೆ, ಒಂದು ಕಡೆ ಬರೆದದ್ದು ಇನ್ನೊಂದು ಕಡೆ ತಡವಾಗಿ ಕಾಣಬಹುದು.

ಅಪಾಚೆ ಎನ್‌ಎಫ್‌ಎಸ್ ಓದಿದರೆ ಸಾಕು ಎಂದಿದ್ದರೆ ಇಷ್ಟೆಲ್ಲ ಬೇಕಿಲ್ಲ: ಸೆಟ್‌ಎಸ್‌ಇಬೂಲ್ ಆದೇಶಕ್ಕೆ ದೊಡ್ಡಕ್ಷರದ ಪಿ ಸೇರಿಸಿ ಎಚ್‌ಟಿಟಿಪಿಡಿ_ಯೂಸ್_ಎನ್‌ಎಫ್‌ಎಸ್ ಆನ್ ಮಾಡಿ. ಆದರೆ ಆ ಹಕ್ಕು ಎನ್‌ಎಫ್‌ಎಸ್_ಟಿ ಲೇಬಲ್ಲಿನ ಎಲ್ಲ ಫೈಲುಗಳಿಗೂ ಅನ್ವಯಿಸುತ್ತದೆ. ಫೈಲು ಫೈಲಿಗೆ ಬೇರೆ ಲೇಬಲ್ ಬೇಕಾದರೆ ಎನ್‌ಎಫ್‌ಎಸ್ 4.2 ಬೇಕು, ಲಿನಕ್ಸ್ ಕರ್ನಲ್ 3.11ರಲ್ಲಿ, 2013ರಲ್ಲಿ, ಈ ಸೌಲಭ್ಯ ಬಂತು. ಸರ್ವರಿನ ಎಕ್ಸ್‌ಪೋರ್ಟ್ ಸಾಲಿನಲ್ಲಿ ‘ಸೆಕ್ಯುರಿಟಿ_ಲೇಬಲ್’ ಇರಲೇಬೇಕು.

ಪ್ರ: ನನ್ನ ಉಬುಂಟುವಿನಲ್ಲಿ ಲೇಬಲ್ ಕೇಳಿದರೆ ಬರೀ ಪ್ರಶ್ನಾರ್ಥಕ ಚಿಹ್ನೆ.
– ಒಬ್ಬ ವಿದ್ಯಾರ್ಥಿನಿ, ವಿಜಯನಗರ

ಉ: ಉಬುಂಟುವಿನ ಜೊತೆಗೇ ಬರುವುದು ಎಸ್‌ಇಲಿನಕ್ಸ್ ಅಲ್ಲ, ಆಪ್‌ಆರ್ಮರ್ ಎಂಬ ಬೇರೆ ಕಾವಲು. ಅದು ಫೈಲಿನ ದಾರಿಯನ್ನು ನೋಡುತ್ತದೆ, ಲೇಬಲ್ಲನ್ನಲ್ಲ. ಎಸ್‌ಇಲಿನಕ್ಸ್ ಕಲಿಯಬೇಕಿದ್ದರೆ ವರ್ಚುವಲ್ ಮೆಷಿನ್‌ನಲ್ಲಿ ಫೆಡೋರಾ ಹಾಕಿಕೊಳ್ಳಿ. /ಪ್ರಾಕ್/ಮೌಂಟ್ಸ್ ತೆರೆದು ಯಾವ ಸಾಲುಗಳಲ್ಲಿ ‘ಸೆಕ್‌ಲೇಬಲ್’ ಎಂದಿದೆ ನೋಡಿ. ಆ ಫೈಲ್‌ಸಿಸ್ಟಂಗಳಲ್ಲಿ ಮಾತ್ರ ಸಿಎಚ್‌ಕಾನ್ ನಡೆಯುತ್ತದೆ.