ಒಡಂಬಡಿಕೆಗೆ ಮುಂಚೆ ಒಂದು ಪ್ರಶ್ನೆ ಬೇಕು

ಪತ್ರ: ನಮ್ಮ ಕಾಲೇಜು ಗೋದಾಮು ಕಂಪನಿಯೊಂದರ ಜತೆ ಒಡಂಬಡಿಕೆ ಮಾಡಿಕೊಂಡಿತು. ಬಿಬಿಎ ವಿದ್ಯಾರ್ಥಿಗಳು ಎಂಟು ವಾರ ನೆಲಮಂಗಲಕ್ಕೆ ಹೋಗಿ ಬರೀ ಪೆಟ್ಟಿಗೆ ಸ್ಕ್ಯಾನ್ ಮಾಡಿ ಬಂದರು. ಎಲ್ಲಿ ಎಡವಿದೆವು?
– ಉಪನ್ಯಾಸಕಿ, ತುಮಕೂರು

ಉತ್ತರ: ಮೇಡಂ, ಸ್ಕ್ಯಾನರ್ ಹಿಡಿದ ಮೊದಲ ವಾರ ದಂಡವಾಗಿಲ್ಲ. ಲಾರಿಯಿಂದ ಸರಕು ಇಳಿಸಿ, ಎಣಿಸಿ, ರ‍್ಯಾಕಿಗೆ ಏರಿಸಿ ನೋಡದವರಿಗೆ ಕಂಪ್ಯೂಟರಿನ ಸ್ಟಾಕು ರ‍್ಯಾಕಿನ ಸ್ಟಾಕಿಗೆ ಯಾಕೆ ತಾಳೆಯಾಗುವುದಿಲ್ಲ ಎಂಬುದು ತಿಳಿಯುವುದೇ ಇಲ್ಲ. ಕೆಟ್ಟದ್ದು ಉಳಿದ ಏಳು ವಾರ. ಕಂಪನಿಗೆ ನೀವು ಹುಡುಗರನ್ನು ಕೊಟ್ಟಿರಿ, ಪ್ರಶ್ನೆ ಕೊಡಲಿಲ್ಲ. ಕೈಗಳು ಸಿಕ್ಕಿದವು, ಅವರು ಬಳಸಿಕೊಂಡರು.

ಅಮೆರಿಕದ ಎಂಐಟಿಯಲ್ಲಿ ಸಪ್ಲೈ ಚೈನ್ (ಸರಕು ಪೂರೈಕೆಯ ಸರಪಳಿ) ಓದುವ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಯೋಜಕ ಕಂಪನಿಯ ನಿಜವಾದ ಸಮಸ್ಯೆಯೊಂದನ್ನೇ ಪ್ರಾಜೆಕ್ಟ್ ಆಗಿ ಬಿಡಿಸುತ್ತಾರೆ. ಅಷ್ಟು ದೊಡ್ಡದು ನಮಗೆ ಬೇಡ. ‘ಯಾವ 50 ಸಾಮಾನು ಪದೇ ಪದೇ ಖಾಲಿಯಾಗುತ್ತಿವೆ, ಯಾಕೆ?’ – ಇಷ್ಟು ಸಾಕು. ಇಬ್ಬರಿಗೆ ಒಂದು ಪ್ರಶ್ನೆ. ಜತೆಗೆ ವಾರಕ್ಕೊಂದು ಗಂಟೆ ಕೊಡಬಲ್ಲ ಸೂಪರ್‌ವೈಸರ್ ಒಬ್ಬರ ಹೆಸರು ಒಡಂಬಡಿಕೆಯಲ್ಲೇ ಇರಲಿ; ಎಚ್‌ಆರ್ ವಿಭಾಗದವರ ಹೆಸರು ಈ ಕೆಲಸಕ್ಕೆ ಒದಗುವುದಿಲ್ಲ.

ಮುಂದಿನದು ಡೇಟಾ. ಹುಡುಗರು ಹೋಗುವುದಕ್ಕೆ ಒಂದು ತಿಂಗಳು ಮೊದಲೇ ಕೇಳಿ: 12 ತಿಂಗಳ ಬಿಲ್ಲಿನ ಸಾಲುಗಳು, ಖರೀದಿ ಆರ್ಡರ್ ಹಾಕಿದ ದಿನ, ಸರಕು ಬಂದ ದಿನ, ದಿನದ ಕೊನೆಯ ಸ್ಟಾಕು. ಗ್ರಾಹಕರ ಹೆಸರು, ದರ ಅಳಿಸಿಯೇ ಕೊಡಲಿ. ಗೋಪ್ಯತೆಯ ಒಪ್ಪಂದ ಆಗಲೇ ಮುಗಿಸಿ. ಇಂಟರ್ನ್‌ಶಿಪ್ ಶುರುವಾದ ಮೇಲೆ ಕೇಳಿದರೆ ವಕೀಲರ ಮೇಜಿನಲ್ಲೇ ನಾಲ್ಕು ವಾರ ಕಳೆಯುತ್ತದೆ.

ಖಾಲಿಯಾಗದಂತೆ ಎಷ್ಟು ಹೆಚ್ಚುವರಿ ಇಡಬೇಕು ಎಂಬ ಲೆಕ್ಕ ಸುಲಭ. ಒಂದು ಸಾಮಾನಿನ ದಿನದ ಬೇಡಿಕೆಯ ಏರಿಳಿತ, ಅಂದರೆ ಪ್ರಮಾಣಿತ ವಿಚಲನೆ, 20 ಪೆಟ್ಟಿಗೆ. ಸರಕು ಬರಲು 9 ದಿನ ಎನ್ನೋಣ. ಶೇ 95ರಷ್ಟು ಸಲ ಖಾಲಿಯಾಗಬಾರದು ಎಂದರೆ 1.65 × 20 × 9ರ ವರ್ಗಮೂಲ (3) = 99; ಇಲ್ಲಿ 1.65 ಎಂಬುದು ಶೇ 95ಕ್ಕೆ ಸಂಖ್ಯಾಶಾಸ್ತ್ರದ ಕೋಷ್ಟಕ ಕೊಡುವ ಗುಣಕ. ಸುಮಾರು ನೂರು ಪೆಟ್ಟಿಗೆ ಹೆಚ್ಚುವರಿ ಇಡಬೇಕು.

ಹುಡುಗರು ಎಡವುವುದು ಸೂತ್ರದಲ್ಲಲ್ಲ. ಸ್ಟಾಕು ಇಲ್ಲದ ದಿನ ಮಾರಾಟ ಸೊನ್ನೆ. ಆ ಸೊನ್ನೆಯನ್ನು ಬೇಡಿಕೆ ಎಂದು ಎಣಿಸಿದರೆ ಸರಾಸರಿ ಇಳಿಯುತ್ತದೆ, ಸ್ಟಾಕು ಇನ್ನೂ ಕಡಿಮೆ ತರಿಸುತ್ತಾರೆ, ಸಾಮಾನು ಮತ್ತೆ ಖಾಲಿ. ದಿನದ ಕೊನೆಯ ಸ್ಟಾಕನ್ನು ಕೇಳಲು ಹೇಳಿದ್ದು ಇದಕ್ಕೇ. ಇನ್ನೊಂದು, ಒಂದೇ ಸಾಮಾನು ಒಂದು ಬಿಲ್ಲಿನಲ್ಲಿ ಪೆಟ್ಟಿಗೆ ಲೆಕ್ಕ, ಮತ್ತೊಂದರಲ್ಲಿ ಬಿಡಿ ಲೆಕ್ಕ. 24ರ ಪೆಟ್ಟಿಗೆಯಾದರೆ ಉತ್ತರ 24 ಪಟ್ಟಿನವರೆಗೂ ತಪ್ಪಬಹುದು. ವಾಪಸ್ ಬಂದ ಮಾಲನ್ನೂ ಬೇರೆ ತೆಗೆದಿಡಬೇಕು. ಎರಡನೆಯ, ಮೂರನೆಯ ವಾರ ಇದಕ್ಕೇ ಹೋಗುತ್ತದೆ, ಹೋಗಲಿ. ಕಲಿಕೆ ಇರುವುದೇ ಅಲ್ಲಿ.

ದಸರಾ–ದೀಪಾವಳಿ ಸೀಸನ್ನಿನಲ್ಲಿ ಮಾತ್ರ ಪ್ರಾಜೆಕ್ಟಿಗೆ ಕಳಿಸಬೇಡಿ. ಆಗ ಎಂಥ ಒಳ್ಳೆಯ ಸೂಪರ್‌ವೈಸರೂ ಅವರನ್ನು ಪ್ಯಾಕಿಂಗಿಗೇ ನಿಲ್ಲಿಸುತ್ತಾರೆ.

ಕೊನೆಯ ವಾರ ವರದಿಯನ್ನು ಕಾಲೇಜಿಗಿಂತ ಮೊದಲು ಗೋದಾಮಿನ ಮ್ಯಾನೇಜರ್ ಮುಂದೆ ಮಂಡಿಸಲಿ. ಒಪ್ಪಿಗೆಯಾದರೆ ಆಗಲೇ ಅಪ್ರೆಂಟಿಸ್‌ಶಿಪ್ ಮಾತು ಎತ್ತಿ. 30 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು ಎಂದು ಕಾನೂನೇ ಹೇಳುತ್ತದೆ. ನಿಮ್ಮ ಹುಡುಗರು ಆ ಗೋದಾಮಿನ ಬಿಲ್ಲುಗಳನ್ನು ಆಗಲೇ ಓದಿರುತ್ತಾರೆ.