10 ವರ್ಷ ಮರ ಕೊಯ್ದವಂಗ ಮತ್ತ ಟ್ರೈನಿಂಗ್ ಯಾಕ ಬೇಕು?

ಎರಡು ದಿನದ ಕೂಲಿ ಬಿಟ್ಟು ಚೈನ್‌ಸಾ ಟ್ರೈನಿಂಗ್‌ಗೆ ಹೋದ್ರ ಪಗಾರ ಜಾಸ್ತಿ ಆಗ್ತೈತೇನು ಅಂತ ಕೇಳೀರಿ. 2021ರ ತನಕ ನಾನೂ ಇದನ್ನ ಕೇಳ್ತಿದ್ದೆ ನೋಡ್ರಿ. ನಮ್ಮದು ಹಾವೇರಿ ಕಡೆ, ಗೋವಾಕ್ಕ ಬಂದು ಪೋಂಡಾ ಸುತ್ತಮುತ್ತ 12 ವರ್ಷ ಮರ ಕೊಯ್ದಿದ್ದೆ, ನಂಗ ಯಾರ್ ಏನ್ ಕಲಸ್ತಾರ ಅನ್ನೂ ಸೊಕ್ಕು.

ಆ ವರ್ಷ ಮೇ 16ಕ್ಕ ತೌಕ್ತೆ ಚಂಡಮಾರುತ ಹೊಡೀತಲ್ಲ, ಮರುದಿನದಿಂದ ಫೋನ್ ಮ್ಯಾಲ ಫೋನ್. ಒಂದ್ ಮನಿ ಹಿಂದ ಅಕೇಶಿಯಾ ಮರ, ಬಿದ್ದಿದ್ದಿಲ್ಲ, ಗದ್ದಿ ಕಡೆ ವಾಲಿ ನಿಂತಿತ್ತು. ಮುಂದ, ಅಂದ್ರ ವಾಲಿದ ಕಡೆ, ಸಣ್ಣದೊಂದ್ ಕಚ್ಚು ಹಾಕಿ, ಯಾವಾಗ್ಲೂ ಕೊಯ್ದಂಗ ಹಿಂದಿಂದ ಚಾಲೂ ಮಾಡ್ದೆ. ತಪ್ಪಿದ್ದು ಇಲ್ಲೇ. ವಾಲಿದ ಮರದ ಬೆನ್ನಿನ ನಾರು ಜಗ್ಗಿ ಕಟ್ಟಿದ ಹಗ್ಗದಂಗ ಬಿಗದಿರ್ತಾವು, ಹಿಂದಿಂದ ಕೊಯ್ಕೊಂತ ಹೋದಂಗ ಉಳಿದ ಕಟ್ಟಿಗಿ ಮ್ಯಾಲ ಪೂರಾ ಭಾರ ಬೀಳ್ತೈತಿ, ಆಗ ಮರ ಮುರಿಯೂದಿಲ್ಲ, ಉದ್ದಕ್ಕ ಸೀಳ್ತೈತಿ, ಹಿಂದಿನ ಹೋಳು ಎತ್ತು ಒದ್ದಂಗ ಹಿಂದಕ್ಕ ಬರ್ತೈತಿ. ನಾ ನಿಂತದ್ದು ಸರಿಯಾಗಿ ಅದರ ಹಿಂದ. ಚಟ್ ಅಂತ ಸಪ್ಪಳ ಕೇಳಿದ್ದಷ್ಟ ನೆನಪು. ತೊಡಿ ಎಲುಬು ಮುರೀತು, ಏಳು ತಿಂಗಳು ಕೆಲಸಿಲ್ಲ.

ಆಮ್ಯಾಲ ಕಲ್ತೆ. ಕಚ್ಚು ಹಾಕಿ, ಬ್ಲೇಡನ್ನ ಬಾಜೂದಿಂದ ಮರದ ಹೊಟ್ಟಿಯೊಳಗ ತೂರಿಸ್ಬೇಕು. ಕಚ್ಚಿನ ಹಿಂದ ಮರದ ದಪ್ಪದಾಗ ಹತ್ತನೇ ಒಂದ್ ಪಾಲು ಬಾಗಲದ ಬಿಜಾಗರಿ ಇದ್ದಂಗ ಬಿಡ್ಬೇಕು, ಅಂದ್ರ 40 ಸೆಂಟಿಮೀಟರಿಗೆ 4. ಅಲ್ಲಿಂದ ಹಿಂದಕ್ಕ ಕೊಯ್ಕೊಂತ ಬಂದು ಬೆನ್ನಿಗೆ ಒಂದ್ ಪಟ್ಟಿ ಉಳಿಸಿ, ಕೊನಿಗೆ ಬಾಜೂಕ ನಿಂತು ಅದನ್ನ ಕೊಯ್ದು ಓರಿಯಾಗಿ ಹಿಂದಕ್ಕ ಸರೀಬೇಕು. ತೂರಿಸುವಾಗ ಬ್ಲೇಡ್ ತುದಿಯ ಮ್ಯಾಲಿನ ಅರ್ಧ ತಾಗಿದ್ರ ಮಿಷನ್ ಮಕಕ್ಕ ಹಾರ್ತೈತಿ. ಇದನ್ನ ವಿಡಿಯೋ ನೋಡಿ ಮಾಡಾಕ ಹೋಗಬ್ಯಾಡ್ರಿ, ಕಲ್ತಾವ ಒಬ್ಬ ಮಗ್ಗಲ ನಿಂತಿರ್ಬೇಕು.

ಪಗಾರ ಜಾಸ್ತಿ ಆಗ್ತೈತೇನು ಅನ್ನೂ ಪ್ರಶ್ನೆನ ತಪ್ಪೈತಿ ರೀ. ಅಮೆರಿಕಾದಾಗ ಮರ ಕಡಿಯೂ ಕೆಲಸಕ್ಕ ಓಶಾ (ಅಲ್ಲಿ ಕೆಲಸಗಾರರ ಸುರಕ್ಷತಾ ನೋಡೂ ಸರಕಾರಿ ಇಲಾಖೆ) ಮಾಡಿದ 1910.266 ಅಂತ ರೂಲ್ ಐತಿ, ಅದರಾಗ ಹೊಸಬ್ರಿಗಷ್ಟ ಅಲ್ಲ, ಹಳಬ ಅಪಾಯ ಆಗೂವಂಗ ಕೆಲಸ ಮಾಡಿದ್ದು ಕಂಡ್ರೂ ಮತ್ತ ಟ್ರೈನಿಂಗ್ ಕೊಡ್ಬೇಕು, ಎಲ್ಲಾರಿಗೂ ಫಸ್ಟ್ ಏಡ್ ಕಲಸ್ಬೇಕು. ನೀವು ಪ್ರತಿ ವರ್ಷ ಮಳಿಗಾಲದ ಮುಂದ ಹೋಗ್ರಿ, ನಿಮ್ಮ ಹೆಲ್ಪರ್‌ನ್ನೂ ಕರ್ಕೊಂಡ ಹೋಗ್ರಿ. ನನ್ನ ಹೆಲ್ಪರ್ ಪಾಪ ಗೊತ್ತಿಲ್ದ ಮುರಿದ ಕಾಲಿಗೆ ಒಂದ್ ಪಟ್ಟಿ ಕಟ್ಟಿಗೀನೂ ಕಟ್ಟದ, ಬಗಲಾಗ ಕೈ ಹಾಕಿ ಎಳದು ಪಿಕಪ್‌ನ್ಯಾಗ ಹಾಕಿದ್ದ.